ವೈದ್ಯರ ದಾನದಿಂದ ವೈದ್ಯಕೀಯ ವಿದ್ಯಾರ್ಥಿವೇತನ: ಡಾ. ಗೂಡೀವ್ ಅವರ ನಿದರ್ಶನ (1845)

ವೈದ್ಯಕೀಯ ವ್ಯಾಸಂಗಕ್ಕೆ ದೊರೆಯುವ ವಿದ್ಯಾರ್ಥಿವೇತನಗಳಲ್ಲಿ ಸರ್ಕಾರದ ಅನುದಾನದಿಂದ ನೀಡಲಾಗುವವು ಒಂದು ಬಗೆಯಾದರೆ, ಖಾಸಗಿ ವ್ಯಕ್ತಿಗಳ ದಾನದಿಂದ ನಡೆಯುವವು ಇನ್ನೊಂದು ಬಗೆ. ಎರಡನೆಯ ಬಗೆಯಲ್ಲಿ ದಾನಿಗಳು ಸ್ವತಃ ವೈದ್ಯರಾಗಿರುವುದೂ ಉಂಟು. ಭಾರತದಲ್ಲಿ ಇಂತಹ ದಾನದ ಹಳೆಯ ನಿದರ್ಶನಗಳಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ ಡಾ. ಹೆನ್ರಿ ಹರ್ರಿ ಗೂಡೀವ್ ಅವರದು ಪ್ರಮುಖವಾದುದು. ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ ಅದರ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಕಲ್ಕತ್ತಾ ಮೆಡಿಕಲ್ ಕಾಲೇಜು 1835ರ ಜನವರಿಯಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಅವರ ಆದೇಶದನ್ವಯ ಸ್ಥಾಪನೆಯಾಯಿತು. ಸದರಿ ಆದೇಶದಲ್ಲಿಯೇ ವಿದ್ಯಾರ್ಥಿಗಳಿಗೆ ಮಾಸಿಕ 7 ರೂಪಾಯಿಗಳಿಂದ ಆರಂಭವಾಗುವ ವೇತನವನ್ನು ಗೊತ್ತುಪಡಿಸಲಾಗಿತ್ತು. ಕಲ್ಕತ್ತೆಯಲ್ಲಿದ್ದುಕೊಂಡು ಓದುವವನಿಗೆ ಇದು ಆಧಾರವಾಗಿತ್ತು. ಆದರೆ ಇಂಗ್ಲೆಂಡಿನಲ್ಲಿ ಉನ್ನತ ವ್ಯಾಸಂಗ ಮಾಡಲು ಬಯಸುವವನಿಗೆ ಹಡಗಿನ ಪ್ರಯಾಣ, ಕಾಲೇಜಿನ ಶುಲ್ಕ, ಪರದೇಶದ ಊಟ ವಸತಿ ಎಂಬ ಮೂರೂ ಬಾಬುಗಳ ವೆಚ್ಚ ಎದುರಾಗುತ್ತಿತ್ತು. ಇವನ್ನು ಭರಿಸಬಲ್ಲ ಕುಟುಂಬಗಳು ವಿರಳ. ಭರಿಸಬಲ್ಲವರಿಗೂ ಸಮುದ್ರಯಾನದಿಂದ ಜಾತಿಭ್ರಷ್ಟರಾಗುವ ಭಯವಿತ್ತು.

ನಾಲ್ವರು ವಿದ್ಯಾರ್ಥಿಗಳು

ಕಲ್ಕತ್ತೆಯ ಉದ್ಯಮಿ ದ್ವಾರಕಾನಾಥ ಠಾಕೂರ್ ಅವರು (ಕವಿ ರವೀಂದ್ರನಾಥರ ತಾತ) ಕಾಲೇಜಿನ ಇಬ್ಬರು ವಿದ್ಯಾರ್ಥಿಗಳನ್ನು ತಮ್ಮ ಖರ್ಚಿನಲ್ಲಿ ಇಂಗ್ಲೆಂಡಿಗೆ ಕರೆದೊಯ್ಯಲು ಮುಂದೆ ಬಂದರು. ಆಗ ಡಾ. ಗೂಡೀವ್ ಅವರು ಮೂರನೆಯ ವಿದ್ಯಾರ್ಥಿಯ ವೆಚ್ಚವನ್ನು ತಾವೇ ವಹಿಸಿಕೊಂಡರು. ನಾಲ್ಕನೆಯವನಿಗೆ ಸಾರ್ವಜನಿಕ ವಂತಿಗೆಯಿಂದ ಹಣ ಒದಗಿತು. ಹೀಗೆ ಭೋಲಾನಾಥ ಬೋಸ್, ಗೋಪಾಲಚಂದ್ರ ಸೀಲ್, ದ್ವಾರಕಾನಾಥ ಬೋಸ್ ಹಾಗೂ ಸೂರ್ಯಕುಮಾರ ಚಕ್ರವರ್ತಿ ಎಂಬ ನಾಲ್ವರು 1845ರ ಮಾರ್ಚ್ 8ರಂದು ‘ಬೆಂಟಿಂಕ್’ ಎಂಬ ಹಬೆ ಹಡಗಿನಲ್ಲಿ ಕಲ್ಕತ್ತೆಯನ್ನು ಬಿಟ್ಟರು. ಕಾಲೇಜು ಸ್ಥಾಪಿಸಿದ ಗವರ್ನರ್ ಜನರಲ್ಲರ ಹೆಸರೇ ಆ ಹಡಗಿಗೂ ಇದ್ದುದು ಕೇವಲ ಯೋಗಾಯೋಗ.

ಡಾ. ಗೂಡೀವ್ ಅವರ ಕೊಡುಗೆಯನ್ನು ಹಣದಿಂದ ಮಾತ್ರ ಅಳೆಯುವುದು ಸರಿಯಾಗಲಾರದು. ದಾನದ ಮೊತ್ತದ ದೃಷ್ಟಿಯಿಂದ ಠಾಕೂರರದೇ ದೊಡ್ಡದು. ಆದರೆ ಗೂಡೀವ್ ಅವರು ವಿದ್ಯಾರ್ಥಿಗಳೊಂದಿಗೆ ತಾವೂ ಪ್ರಯಾಣ ಮಾಡಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ವ್ಯಾಸಂಗ ಮಾಡುವಾಗ ಅವರ ಮೇಲ್ವಿಚಾರಣೆಯನ್ನು ನೋಡಿಕೊಂಡರು. ಅಪರಿಚಿತ ನಾಡಿನಲ್ಲಿ ತಮ್ಮ ಗುರುವೇ ಜೊತೆಗಿರುವುದು ಎಂತಹ ಬಲವೆಂಬುದು ಊರು ಬಿಟ್ಟು ಓದಿದವರಿಗೆ ತಿಳಿಯದ ವಿಷಯವಲ್ಲ.

ದಾನದ ಸ್ವರೂಪದ ಬಗ್ಗೆ

ಮುಖ್ಯ ದಾನಿಯಾದ ದ್ವಾರಕಾನಾಥ ಠಾಕೂರರು 1846ರ ಆಗಸ್ಟ್ 1ರಂದು ಲಂಡನ್ನಿನಲ್ಲಿ ನಿಧನರಾದರು. ಆ ವೇಳೆಗೆ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಸುಮಾರು ಒಂದು ವರ್ಷವಷ್ಟೇ ಆಗಿತ್ತು. ದಾನಿಯು ತನ್ನ ಆದಾಯದಿಂದ ಆಗಿಂದಾಗ್ಗೆ ನೀಡುವ ನೆರವು ದಾನಿಯ ಆಯುಷ್ಯಕ್ಕೆ ಕಟ್ಟುಬಿದ್ದಿರುತ್ತದೆ. ದತ್ತಿ ನಿಧಿಯಲ್ಲಾದರೋ ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಮಾತ್ರ ವಿದ್ಯಾರ್ಥಿವೇತನ ನೀಡುವುದರಿಂದ, ದಾನಿಯ ಕಾಲಾನಂತರವೂ ಅದು ಮುಂದುವರಿಯುತ್ತದೆ. ಭಾರತದಲ್ಲಿ ಇದಕ್ಕೆ ಕಾನೂನಿನ ಆಸರೆಯೊಂದು 1890ರ ಧರ್ಮಾದಾಯ ದತ್ತಿಗಳ ಅಧಿನಿಯಮದಿಂದ ದೊರೆಯಿತು. ಶಿಕ್ಷಣ, ವೈದ್ಯಕೀಯ ನೆರವು ಮುಂತಾದ ಉದ್ದೇಶಗಳ ನಿಧಿಯನ್ನು ಸರ್ಕಾರವು ನೇಮಿಸಿದ ದತ್ತಿ ಖಜಾಂಚಿಯಲ್ಲಿ ನಿಹಿತಗೊಳಿಸಲು ಅದರಲ್ಲಿ ಅವಕಾಶವಿದೆ.

ಆದ್ದರಿಂದ ಖಾಸಗಿ ವಿದ್ಯಾರ್ಥಿವೇತನ ಕೋರಿ ಅರ್ಜಿ ಸಲ್ಲಿಸುವವರು, ಅದು ಒಂದು ಬಾರಿಯ ನೆರವೋ ಅಥವಾ ವ್ಯಾಸಂಗ ಪೂರ್ಣಗೊಳ್ಳುವವರೆಗಿನದೋ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ. ಶುಲ್ಕದ ಜೊತೆಗೆ ವಸತಿ, ಪುಸ್ತಕ, ಪ್ರಯಾಣದ ವೆಚ್ಚವೂ ಸೇರಿದೆಯೇ ಎಂಬುದನ್ನು ಬಹುಮಂದಿ ಅರ್ಜಿದಾರರು ವಿಚಾರಿಸುವುದೇ ಇಲ್ಲ. ಶುಲ್ಕವೊಂದೇ ಸಂದಾಯವಾಗಿ ಊಟ ವಸತಿಗೆ ಹಣವಿಲ್ಲದಿದ್ದಲ್ಲಿ ಬಡ ವಿದ್ಯಾರ್ಥಿಗೆ ಆ ಸೀಟು ದೊರೆತೂ ದೊರೆಯದಂತೆಯೇ.

ಚಕ್ರವರ್ತಿಯವರ ಮುಂದಿನ ಸಾಧನೆ

ನಾಲ್ವರಲ್ಲಿ ಢಾಕಾ ಪ್ರಾಂತದ ಸೂರ್ಯಕುಮಾರ ಚಕ್ರವರ್ತಿಯವರು ಕ್ರೈಸ್ತಮತವನ್ನು ಸ್ವೀಕರಿಸಿ, ಗುರುವಿನ ಗೌರವಾರ್ಥ ‘ಗೂಡೀವ್’ ಎಂಬ ಹೆಸರನ್ನು ತಮ್ಮ ಹೆಸರಿನೊಳಗೆ ಸೇರಿಸಿಕೊಂಡರು. 1849ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಪಡೆದು 1850ರಲ್ಲಿ ಕಲ್ಕತ್ತೆಗೆ ಮರಳಿದರು. ಅಷ್ಟು ಓದಿ ಬಂದರೂ ಈಸ್ಟ್ ಇಂಡಿಯಾ ಕಂಪನಿಯ ಉನ್ನತ ವೈದ್ಯಕೀಯ ಸೇವೆಯಲ್ಲಿ ಭಾರತೀಯರಿಗೆ ಪ್ರವೇಶವಿರಲಿಲ್ಲ. ಅವರಿಗೆ ದೊರೆತದ್ದು ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರ ಹುದ್ದೆ ಮಾತ್ರ.

1853ರ ಚಾರ್ಟರ್ ಕಾಯಿದೆಯ ನಂತರ ಸದರಿ ಸೇವೆಯ ನೇಮಕಾತಿಯನ್ನು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನಡೆಸಲು ನಿರ್ಧರಿಸಲಾಯಿತು. ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಚಕ್ರವರ್ತಿಯವರು ಮತ್ತೊಮ್ಮೆ ಸಮುದ್ರ ದಾಟಿ, 1855ರ ಜನವರಿಯಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿಯೇ ಎರಡನೆಯ ಸ್ಥಾನದಲ್ಲಿ ತೇರ್ಗಡೆ ಹೊಂದಿ, ಆ ಸೇವೆಯನ್ನು ಸ್ಪರ್ಧೆಯಿಂದ ಪ್ರವೇಶಿಸಿದ ಪ್ರಥಮ ಭಾರತೀಯರಾದರು. ಅನಂತರ ತಾವು ಕಲಿತ ಕಾಲೇಜಿನಲ್ಲಿಯೇ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿ, 1874ರಲ್ಲಿ ಲಂಡನ್ನಿನಲ್ಲಿ ನಿಧನರಾದರು.