ಕನ್ನಡ ಕಲಿಯಲು ಬಂದವರು: ಬಾಸೆಲಿನ ಯುವಕರ ಮೊದಲ ದಿನಗಳು

ಬಾಸೆಲ್ ಮಿಷನ್ ಎಂದೊಡನೆ ನಮ್ಮ ಹಿರಿಯರಿಗೆ ಮನೆಯ ಹಂಚು ನೆನಪಾಗುತ್ತದೆ, ಓದುಬರಹದವರಿಗೆ ಕಿಟ್ಟೆಲ್ ನಿಘಂಟು ನೆನಪಾಗುತ್ತದೆ. ಮುಗಿದ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಕೆಲಸ ಕೈಗೂಡುವ ಮೊದಲು ಒಂದೆರಡು ವರ್ಷ ಇರುತ್ತದಲ್ಲ, ಭಾಷೆ ಬಾರದೆ, ಊಟ ಸೇರದೆ, ಊರಿನ ರೀತಿ ತಿಳಿಯದೆ ಕಳೆಯುವ ಕಾಲ, ಅದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಈಗ ನಮ್ಮ ಯುವಜನರಲ್ಲೇ ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಡಲು ಜರ್ಮನ್ ಭಾಷೆಯ ಬಿ2 ಪರೀಕ್ಷೆಗೆ ಓದುತ್ತಿರುವವರಿದ್ದಾರೆ. ಅದೇ ಜರ್ಮನಿಯಿಂದ ಸುಮಾರು 190 ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದ ಯುವಕರು ಇಲ್ಲಿ ಹೇಗೆ ಕಾಲೂರಿದರು ಎಂದು ನೋಡುವುದು ಒಳ್ಳೆಯದೆಂದು ನಮಗೆ ತೋರಿತು.

ಬಾಸೆಲ್ ಸ್ವಿಟ್ಜರ್ಲೆಂಡಿನ ಊರು. ಮಿಷನ್ ಹುಟ್ಟಿದ್ದು 1815ರಲ್ಲಿ. ಅಲ್ಲಿ ತರಬೇತಿ ಪಡೆದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ಬದಲಾಗಿ, ಇಂಗ್ಲಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಮೂವರು ಹಡಗು ಹತ್ತಿದರು: ಸ್ಯಾಮುವೆಲ್ ಹೆಬಿಕ್, ಯೋಹಾನ್ ಲೆಹ್ನರ್, ಕ್ರಿಶ್ಚಿಯನ್ ಗ್ರೈನರ್. ಸುಯೆಜ್ ಕಾಲುವೆ ಇನ್ನೂ ಇರಲಿಲ್ಲ. ಆಫ್ರಿಕಾವನ್ನು ಸುತ್ತಿ ಬರಲು ಮೂರು ನಾಲ್ಕು ತಿಂಗಳು ಬೇಕು. 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಗೆ ಮಂಗಳೂರು ಸೇರಿದರು. ಮಳೆಗಾಲ ಕಳೆದಿತ್ತು, ಅದೊಂದು ಅನುಕೂಲ. ಜೂನ್ ತಿಂಗಳಲ್ಲಿ ಇಳಿದಿದ್ದರೆ ಗತಿ ಬೇರೆಯೇ ಇರುತ್ತಿತ್ತೇನೋ!

ಆಗ ಕಾಸರಗೋಡೂ ಮಂಗಳೂರೂ ಮದ್ರಾಸು ಆಡಳಿತದ ಒಂದೇ ಕೆನರಾ ಜಿಲ್ಲೆ. ನಡುವಿನ ಗಡಿ 1956ರ ಮಾತು. ಆದರೆ ಬಂದವರಿಗೆ ಭಾಷೆಯ ಗಡಿಗಳು ಹೆಜ್ಜೆಹೆಜ್ಜೆಗೂ ಸಿಕ್ಕವು. ಕಚೇರಿಯಲ್ಲಿ, ಪುಸ್ತಕದಲ್ಲಿ ಕನ್ನಡ. ಗದ್ದೆಯಲ್ಲಿ, ಮನೆಯಂಗಳದಲ್ಲಿ ತುಳು. ಪೇಟೆಯ ಅಂಗಡಿಯಲ್ಲಿ ಕೊಂಕಣಿ. ತೆಂಕಣಕ್ಕೆ ಚಂದ್ರಗಿರಿ ಹೊಳೆ ದಾಟಿದರೆ ಮಲಯಾಳ. ನಾವು ಇದರಲ್ಲೇ ಹುಟ್ಟಿ ಬೆಳೆದವರು, ನಾಲ್ಕು ಭಾಷೆಯಲ್ಲಿ ಬೈಸಿಕೊಂಡು ದೊಡ್ಡವರಾದವರು. ಹೊರಗಿನಿಂದ ಬಂದವನಿಗೆ ಯಾವುದನ್ನು ಮೊದಲು ಕಲಿಯಬೇಕು ಎಂಬುದೇ ಪ್ರಶ್ನೆ.

ಒಬ್ಬೊಬ್ಬರೂ ಬೇರೆ ಬೇರೆ ಉತ್ತರ ಕಂಡುಕೊಂಡರು. ಗ್ರೈನರ್ ತುಳುವನ್ನು ಹಿಡಿದರು. ತಾನು ಮಾತಾಡಬೇಕಾದ ಬಡ ಬಿಲ್ಲವರ ಮನೆಮಾತು ಅದು ಎಂಬುದೇ ಕಾರಣ. 1842ರಲ್ಲಿ ಮತ್ತಾಯನ ಸುವಾರ್ತೆ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಯಿತು. 1847ಕ್ಕೆ ಇಡೀ ಹೊಸ ಒಡಂಬಡಿಕೆಯೇ ಬಂತು. ಹೆಬಿಕ್ ಅವರದು ಇನ್ನೊಂದು ಬಗೆ. ಉದ್ದ ಗಡ್ಡದ ಆ ಮನುಷ್ಯ ಮುಂದೆ ಕಣ್ಣೂರಿಗೆ ಹೋಗಿ ವರ್ಷಗಟ್ಟಲೆ ದುಡಿದರು. ಆದರೆ ಇಲ್ಲಿನ ಯಾವ ಭಾಷೆಯೂ ಅವರ ನಾಲಗೆಗೆ ಹತ್ತಲಿಲ್ಲ, ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಸಾರಿದರು. ಅವರ ಉತ್ಸಾಹವನ್ನು ಕಡಿಮೆ ಎನ್ನಲು ನಮಗೆ ಮನಸ್ಸಿಲ್ಲ. ಆದರೂ ದುಭಾಷಿಯಾಗಿ ನಿಂತವರ ಕೊಡುಗೆ ಎಷ್ಟಿತ್ತು ಎಂಬುದನ್ನು ಚರಿತ್ರೆ ಬರೆದವರು ಸರಿಯಾಗಿ ತೂಗಲಿಲ್ಲ ಎಂದೇ ನಮ್ಮ ಅನಿಸಿಕೆ.

ಇನ್ನು ಹರ್ಮನ್ ಮೋಗ್ಲಿಂಗ್. 1811ರಲ್ಲಿ ಬ್ರಾಕೆನ್‌ಹೈಮ್ ಎಂಬಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿ, 1836ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು 25. ಕೈಗೆ ಸಿಗಬಹುದಾಗಿದ್ದ ಪುಸ್ತಕಗಳು ಬೆರಳೆಣಿಕೆಯವು: ಕೇರಿಯವರ 1817ರ ವ್ಯಾಕರಣ, ಮೆಕೆರೆಲ್ಲರ 1820ರ ವ್ಯಾಕರಣ, ರೀವ್ ಅವರ ಕೋಶ, ಬಳ್ಳಾರಿಯ ಹ್ಯಾಂಡ್ಸ್ ಮತ್ತು ಜೊತೆಯವರು ಮಾಡಿದ ಬೈಬಲ್ ಅನುವಾದ. ಆಡುವ ಕನ್ನಡ ಇವುಗಳಲ್ಲಿ ಸಿಗುವಂಥದ್ದಲ್ಲ. ಅದಕ್ಕೆ ಜನರ ನಡುವೆ ಕೂರಬೇಕು. ಮಂಗಳೂರಿನಲ್ಲಿ ಶಾಲೆ ನಡೆಸುವಾಗ ಮೋಗ್ಲಿಂಗ್ ಮಾಡಿದ್ದು ಇದನ್ನೇ. ಬಲ್ಮಠದ ಗುಡ್ಡದಲ್ಲಿ ವಿದ್ಯಾರ್ಥಿಗಳ ಜೊತೆಗೇ ವಾಸ, ಅವರ ಜೊತೆಗೇ ಊಟ. ದೊರೆಗಳ ಬಂಗಲೆ, ಬಟ್ಲರ್, ಪಲ್ಲಕ್ಕಿ ಎಂಬ ಆ ಕಾಲದ ಬಿಳಿಯರ ಬದುಕಿನಿಂದ ಇದು ದೂರದ ಮಾತು. ಒಂದೇ ಸೂರಿನಡಿ ಹುಡುಗರು ಹಗಲೆಲ್ಲ ಗಾದೆ ಹೇಳುತ್ತಾ, ಜಗಳವಾಡುತ್ತಾ, ಹಾಡುತ್ತಾ ಇದ್ದರೆ ಕಿವಿಗೆ ಭಾಷೆ ತಾನಾಗಿ ಬೀಳುತ್ತದೆ.

ಏಳು ವರ್ಷಗಳಲ್ಲಿ ಅದರ ಫಲ ಕಂಡಿತು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು, ಕನ್ನಡದ ಮೊದಲ ಪತ್ರಿಕೆ. ಮಂಗಳೂರಿನಲ್ಲಿ ಅಚ್ಚಿನ ಮೊಳೆಗಳಿರಲಿಲ್ಲ, ಕಲ್ಲಚ್ಚಿನಲ್ಲೇ ಪತ್ರಿಕೆ ಆಯಿತು. ಊರ ವರ್ತಮಾನ, ಸರ್ಕಾರದ ಕಾನೂನು, ಹೊರದೇಶದ ಸುದ್ದಿ, ಕಥೆ, ಹಾಡು ಎಲ್ಲವೂ ಅದರಲ್ಲಿದ್ದವು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಆಮೇಲೆ ಅದೇ ಮೋಗ್ಲಿಂಗ್ ಜೈಮಿನಿ ಭಾರತ, ಬಸವ ಪುರಾಣ, ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ಅಧಿಕಾರಿ ಕ್ಯಾಸಮೇಜರ್ ಅದಕ್ಕೆ ಹಣ ಕೊಟ್ಟರು. ಸುವಾರ್ತೆ ಸಾರಲು ಬಂದವನು ದಾಸರ ಪದ ಏಕೆ ಅಚ್ಚು ಹಾಕಬೇಕು ಎಂದು ಕೇಳಬಹುದು. ಜನರ ಮನಸ್ಸು ತಿಳಿಯದೆ ಅವರೊಂದಿಗೆ ಮಾತಾಡಲಾಗದು ಎಂಬ ಲೆಕ್ಕಾಚಾರ ಇದ್ದೇ ಇತ್ತು. ಅವರ ಧರ್ಮವನ್ನು ಮೋಗ್ಲಿಂಗ್ ಸರಿಯೆಂದು ಒಪ್ಪಿಕೊಂಡಿರಲಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಲೆಕ್ಕಾಚಾರಕ್ಕಷ್ಟೇ ಇಷ್ಟು ವರ್ಷ ಇಷ್ಟು ಶ್ರಮಪಡುವವರು ಯಾರು? ಪ್ರೀತಿಯೂ ಹುಟ್ಟಿತ್ತು ಎಂದು ನಾವು ನಂಬುತ್ತೇವೆ.

ಬಂದವರೆಲ್ಲರೂ ಪಾದ್ರಿಗಳಲ್ಲ. 1851ರಲ್ಲಿ ಬಂದ ಹಾಲರ್ ನೇಕಾರ. ಖಾಕಿ ಬಣ್ಣವನ್ನು ಮೊದಲು ಮಾಡಿದವರು ಎಂದು ಹೆಸರಾದವರು ಅವರೇ. ಪ್ಲೆಬ್ಸ್ಟ್ ಅಚ್ಚಿನ ಕೆಲಸಕ್ಕೆ ಬಂದವರು. ನೇತ್ರಾವತಿಯ ಜೇಡಿಮಣ್ಣನ್ನು ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಶುರುವಿನಲ್ಲಿ ಜೋಡಿ ಎತ್ತು, ಕೆಲವೇ ಆಳುಗಳು, ದಿನಕ್ಕೆ ಸುಮಾರು 500 ಹಂಚು. ಸಭೆ ಸೇರಿದ ಮೇಲೆ ಜಾತಿಯವರು ಹೊರಗಿಟ್ಟ ಕುಟುಂಬಗಳಿಗೆ ಹೊಟ್ಟೆಪಾಡು ಬೇಕಿತ್ತು. ಕಾರ್ಖಾನೆಯ ಹಿಂದಿನ ಅಗತ್ಯ ಅದು.

ಹೆಣ್ಣುಮಕ್ಕಳ ಕಥೆ ಇನ್ನೂ ಕಷ್ಟದ್ದು. ಸೇವೆಗೆ ಬಂದ ಯುವಕ ಮೊದಲ ವರ್ಷಗಳಲ್ಲಿ ಮದುವೆಯಾಗುವಂತಿರಲಿಲ್ಲ. ಆಮೇಲೂ ಬಾಸೆಲಿನ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕ ಮೇಲೆ ವಧುವನ್ನು ಅಲ್ಲಿಂದ ಕಳಿಸುತ್ತಿದ್ದರು, ಅನೇಕರು ಗಂಡನ ಮುಖವನ್ನೇ ನೋಡಿರಲಿಲ್ಲ. ಬಂದರಿನಲ್ಲಿ ಇಳಿದಾಗ ಹೊಸ ಊರು, ಹೊಸ ಭಾಷೆ, ಹೊಸ ಗಂಡ, ಮೂರನ್ನೂ ಒಟ್ಟಿಗೆ ಎದುರಿಸಬೇಕು. ಮಕ್ಕಳು ಸ್ವಲ್ಪ ದೊಡ್ಡವರಾದರೆ ಅವರನ್ನು ಓದಿಗೆಂದು ಯುರೋಪಿಗೆ ಕಳಿಸಬೇಕು, ಮತ್ತೆ ನೋಡುವುದು ಎಷ್ಟೋ ವರ್ಷದ ಮೇಲೆ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಗುಂಡರ್ಟ್ ದಂಪತಿಯ ಮಗಳು ಮರೀ ಹಾಗೆ ಎಳೆಯ ವಯಸ್ಸಿನಲ್ಲೇ ತಾಯ್ತಂದೆಯರಿಂದ ದೂರವಾದವಳು. ಹುಟ್ಟಿದ ನಾಡಿಗೆ ಮರಳಿದ್ದು ಹದಿಹರೆಯದಲ್ಲಿ. ಮುಂದೆ ಸಾಹಿತಿ ಹರ್ಮನ್ ಹೆಸ್ಸೆಯ ತಾಯಿಯಾದವಳು ಇವಳೇ. ದೇವರ ಸೇವೆಯ ಹೆಸರಿನಲ್ಲಿ ಮಕ್ಕಳು ಕೊಟ್ಟ ಬೆಲೆಯನ್ನು ನಾವು ಹಗುರವಾಗಿ ನೋಡಲಾರೆವು.

ಈ ಹಾದಿಯಲ್ಲಿ ಎದುರು ದಿಕ್ಕಿಗೆ ಹೋದವರೂ ಒಬ್ಬರಿದ್ದರು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಮಿಷನ್‌ನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ, ಇನ್ನಿಬ್ಬರು ಯುವಕರಂತೆ, ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಮನೆಯವರ ಬಾಗಿಲು ಮುಚ್ಚಿತು, ಬಾಲ್ಯದಲ್ಲೇ ಮದುವೆಯಾಗಿದ್ದ ಹೆಂಡತಿಯೂ ದೂರವಾದಳು. ಆ ಹುಡುಗಿಯ ಪಾಲಿಗೆ ಇದೆಲ್ಲ ಏನಾಗಿತ್ತೆಂದು ಯಾರೂ ಬರೆದಿಡಲಿಲ್ಲ.

1846ರಲ್ಲಿ ಮೋಗ್ಲಿಂಗ್ ಊರಿಗೆ ಹೊರಟಾಗ ಕೌಂಡಿನ್ಯರನ್ನೂ ಕರೆದುಕೊಂಡು ಹೋದರು. ಕರಾವಳಿಯ ಸೆಕೆಯಲ್ಲಿ ಬೆಳೆದ 21ರ ಯುವಕ ಬಾಸೆಲಿನ ಹಿಮಕ್ಕೆ ಹೋದ. ಹತ್ತು ವರ್ಷದ ಹಿಂದೆ ಗುರು ಅಕ್ಷರ ತಿದ್ದಿದ್ದರು, ಈಗ ಶಿಷ್ಯನ ಸರದಿ. ಜರ್ಮನ್ ಕಲಿತರು, ಮಿಷನ್ ಮನೆಯಲ್ಲಿ ಐದು ವರ್ಷ ಓದಿದರು, 1851ರಲ್ಲಿ ಲಿಯೊನ್‌ಬರ್ಗ್‌ನಲ್ಲಿ ಪಾದ್ರಿ ದೀಕ್ಷೆ ಪಡೆದು ಮರಳಿದರು. ಬಾಸೆಲಿನಲ್ಲಿ ತರಬೇತಿ ಹೊಂದಿದ ಮೊದಲ ಭಾರತೀಯ ಅವರು. ಬಂದ ಮೇಲೆ ಮಂಗಳೂರಿನ ಸೆಮಿನರಿಯಲ್ಲಿ ಪಾಠ, ಕನ್ನಡ ಬೈಬಲಿನ ಪರಿಷ್ಕರಣೆ, ಕೊಡಗಿನಲ್ಲಿ ಮೋಗ್ಲಿಂಗರ ಜೊತೆ ಆನಂದಪುರದ ಕೆಲಸ. ಭೂಮಿಯಿಲ್ಲದೆ ಜೀತಕ್ಕಿದ್ದ ಹೊಲೆಯ ಕುಟುಂಬಗಳಿಗೆ ಅಲ್ಲಿ ನೆಲೆ ಸಿಕ್ಕಿತು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರೊಬ್ಬರು ಆ ಕಾಲದಲ್ಲಿ ಆ ಮಂದಿಯ ನಡುವೆ ಕೂತದ್ದು ಕಡಲು ದಾಟಿದ್ದಕ್ಕಿಂತ ದೊಡ್ಡ ಪ್ರಯಾಣ ಎಂದು ನಮಗನಿಸುತ್ತದೆ.

1860ರಲ್ಲಿ ಮೋಗ್ಲಿಂಗ್ ಹೆಂಡತಿಯ ಕಾಯಿಲೆಯ ಕಾರಣ ಜರ್ಮನಿಗೆ ಹೊರಟರು, ಮತ್ತೆ ಬರಲಾಗಲಿಲ್ಲ. ಅಲ್ಲಿ ಕೂತು ಕಿಟ್ಟೆಲರ ನಿಘಂಟಿನ ಕೆಲಸಕ್ಕೆ ಬೆಂಬಲವಾಗಿದ್ದು, 1881ರಲ್ಲಿ ತೀರಿಕೊಂಡರು. ಅವರು ಹೊರಟ ಅದೇ ವರ್ಷ ಕೌಂಡಿನ್ಯರ ಕೈಹಿಡಿಯಲು ಜರ್ಮನಿಯಿಂದ ಮರೀ ರೈನ್‌ಹಾರ್ಟ್ ಎಂಬ ಯುವತಿ ಬಂದಿಳಿದರು. ಗಂಡನಿಗೆ ಜರ್ಮನ್ ಬರುತ್ತಿತ್ತು, ಆ ಮಟ್ಟಿಗೆ ಬೇರೆ ವಧುಗಳಿಗಿಲ್ಲದ ಕಷ್ಟ ಇವರಿಗೂ ಇರಲಿಲ್ಲ. ಆದರೆ ನೆರೆಮನೆಯವರ ಮಾತು ತಿಳಿಯಬೇಕಾದರೆ ಕನ್ನಡದ ಅ ಆ ಇ ಈ ಯಿಂದಲೇ ಶುರುಮಾಡಬೇಕಿತ್ತು.