ಸಮರದಿಂದ ಮರಳಿದವರ ಸಂಘ

ಯುದ್ಧಗಳ ಇತಿಹಾಸವನ್ನು ಬರೆದವರು ಅನೇಕರುಂಟು. ಯುದ್ಧವು ಮುಗಿದ ಮೇಲೆ ಊರಿಗೆ ಮರಳಿದ ಸೈನಿಕರ ಇತಿಹಾಸವನ್ನು ಬರೆದವರು ವಿರಳ. ಅಂಗಹೀನನಾಗಿ ಬಂದವನು ಹೇಗೆ ಜೀವಿಸಿದನು, ಮಡಿದವನ ಹೆಂಡಿರುಮಕ್ಕಳಿಗೆ ಆಸರೆಯಾದವರಾರು, ಎಂಬೀ ಪ್ರಶ್ನೆಗಳಿಗೆ ಉತ್ತರವು ರಾಜಧಾನಿಯ ದಫ್ತರಗಳಿಗಿಂತ ಸಣ್ಣ ಊರುಗಳ ಸಂಘಗಳಲ್ಲಿಯೇ ಹೆಚ್ಚಾಗಿ ದೊರೆಯುವದು. ಅಂಥದೊಂದು ಸಂಘದ ವೃತ್ತಾಂತವನ್ನು, ಅದು ದೂರದ ಅಮೇರಿಕೆಯದಾದರೂ, ವಾಚಕರ ಮುಂದೆ ಇಡುವೆವು.

ಆ ದೇಶದ ಉತ್ತರ ದಕ್ಷಿಣ ಪ್ರಾಂತಗಳೊಳಗೆ ಗುಲಾಮಗಿರಿಯ ಕಾರಣದಿಂದ 1861ರಿಂದ 1865ರ ವರೆಗೆ ಘೋರವಾದ ಅಂತರ್ಯುದ್ಧವು ನಡೆದು, ಆರು ಲಕ್ಷಕ್ಕೂ ಮಿಕ್ಕಿ ಸೈನಿಕರು ಗತಿಸಿದರು. ಮರುವರ್ಷ, 1866ರ ಏಪ್ರಿಲ್ 6ರಂದು, ವಿಜಯಿಯಾದ ಉತ್ತರ ಪಕ್ಷದ ಸೈನ್ಯದಲ್ಲಿ ವೈದ್ಯರಾಗಿದ್ದ ಬೆಂಜಮಿನ್ ಸ್ಟೀಫನ್‌ಸನ್ನರು ಇಲಿನಾಯ್ ಪ್ರಾಂತದ ಡಿಕೇಟರ್ ಎಂಬಲ್ಲಿ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ ಎಂಬ ಸಂಘದ ಮೊದಲನೆಯ ಶಾಖೆಯನ್ನು ಸ್ಥಾಪಿಸಿದರು. ಬಂಧುತ್ವ, ದಾನ, ನಿಷ್ಠೆ ಇವೇ ಅದರ ಧ್ಯೇಯಗಳು. 1868ರಲ್ಲಿ ಅದರ ಮುಖ್ಯಸ್ಥರಾಗಿದ್ದ ಜನರಲ್ ಜಾನ್ ಲೋಗನ್ನರು, ಮೇ 30ರಂದು ಮಡಿದವರ ಸಮಾಧಿಗಳನ್ನು ಪುಷ್ಪಗಳಿಂದ ಅಲಂಕರಿಸಬೇಕೆಂದು ಆಜ್ಞೆ ಹೊರಡಿಸಿದರು. ಆ ದೇಶದವರು ಇಂದಿಗೂ ಆಚರಿಸುವ ಸ್ಮರಣದಿನವು ಈ ಆಜ್ಞೆಯಿಂದಲೇ ಬೆಳೆದು ಬಂದದ್ದು.

ಪೆನ್ಸಿಲ್ವೇನಿಯ ಪ್ರಾಂತದ ಪಿಟ್ಸ್‌ಬರ್ಗ್ ನಗರದ ಸಮೀಪದಲ್ಲಿ, ಇಂದು ಕಾರ್ನೆಗಿ ಎನಿಸಿಕೊಳ್ಳುವ ಪಟ್ಟಣದಲ್ಲಿ, 1879ರಲ್ಲಿ ಈ ಸಂಘದ 153ನೆಯ ಶಾಖೆಯು ಹುಟ್ಟಿತು. ಗತಿಸಿದ ಒಡನಾಡಿಯ ಹೆಸರನ್ನೇ ಶಾಖೆಗೆ ಇಡುವ ಪದ್ಧತಿಯಂತೆ ಅದಕ್ಕೆ ಕ್ಯಾಪ್ಟನ್ ಥಾಮಸ್ ಎಸ್ಪಿಯವರ ಹೆಸರಾಯಿತು. ಇಂಥ ಶಾಖೆಗಳ ಕಾರ್ಯವು ಸರಳವಾದದ್ದು: ಕೂಡಿ ಕುಳಿತು ಹಳೆಯದನ್ನು ನೆನೆಯುವದು, ನಿಧಿ ಕೂಡಿಸಿ ಬಡ ಒಡನಾಡಿಗಳಿಗೂ ವಿಧವೆಯರಿಗೂ ಅನಾಥರಿಗೂ ನೆರವಾಗುವದು, ಸತ್ತವರನ್ನು ಗೌರವದಿಂದ ಮಣ್ಣುಗೊಡುವದು. ದುಡಿಯಲಾರದ ವೃದ್ಧ ಸೈನಿಕರಿಗೂ ಪೆನ್ಶನ್ ದೊರಕಿಸಿದ 1890ರ ಕಾಯಿದೆಗೆ ಈ ಸಂಘದ ಒತ್ತಾಯವೇ ಮುಖ್ಯ ಬಲವಾಯಿತು. ಆ ಕಾಲಕ್ಕೆ ದೇಶದಲ್ಲೆಲ್ಲ ಅದರ ಸದಸ್ಯರು ನಾಲ್ಕು ಲಕ್ಷಕ್ಕೆ ಮಿಕ್ಕಿದ್ದರು.

ವರ್ಣಭೇದದ ವಿಷಯದಲ್ಲಿಯೂ ಈ ಸಂಘದ ನಡತೆಯು ಸ್ಮರಣೀಯ. ದಕ್ಷಿಣದ ಕೆಲವು ಬಿಳಿಯ ಸದಸ್ಯರು ಕರಿಯ ಒಡನಾಡಿಗಳಿಗೆ ಬೇರೆ ವಿಭಾಗವಾಗಲೆಂದು ಕೇಳಿದಾಗ, 1891ರ ಡೆಟ್ರಾಯಿಟ್ ಮಹಾಸಭೆಯು ಅದನ್ನು ತಿರಸ್ಕರಿಸಿತು. ಎಲ್ಲ ಊರುಗಳಲ್ಲಿಯೂ ಈ ನಿಯಮವು ಪೂರ್ಣವಾಗಿ ನಡೆಯಲಿಲ್ಲವೆಂಬುದೂ ನಿಜವೇ.

ಕೈಗಾರಿಕೋದ್ಯಮಿ ಆಂಡ್ರ್ಯೂ ಕಾರ್ನೆಗಿಯವರ ದಾನದಿಂದ 1901ರಲ್ಲಿ ಆ ಪಟ್ಟಣದಲ್ಲಿ ಪುಸ್ತಕಭಂಡಾರವೊಂದು ತೆರೆಯಿತು. 1906ರಲ್ಲಿ ಎಸ್ಪಿ ಶಾಖೆಯು ಅದರೊಳಗಿನ ಒಂದು ಕೋಣೆಯಲ್ಲಿ ನೆಲೆಸಿತು. ಅಲ್ಲಿ ಸದಸ್ಯರು ಯುದ್ಧದ ನೆನಪಿನ ವಸ್ತುಗಳನ್ನು ಕೂಡಿಸಿಟ್ಟು, 1911ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದರು. ಆ ಯುದ್ಧದಲ್ಲಿ ಸೇವೆ ಮಾಡಿದವರ ಹೊರತು ಬೇರಾರಿಗೂ ಸದಸ್ಯತ್ವವಿಲ್ಲವೆಂಬುದು ಸಂಘದ ಮೂಲನಿಯಮ. ಮಕ್ಕಳಿಗಾಗಿ 1881ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಬೇರೊಂದು ಸಂಸ್ಥೆ ಹುಟ್ಟಿತಾದರೂ ತಂದೆಯ ಪೀಠವು ಮಗನಿಗೆ ಬರುತ್ತಿರಲಿಲ್ಲ. ಆದುದರಿಂದ ಸಂಘಕ್ಕೆ ಅಂತ್ಯವು ನಿಶ್ಚಿತವಾಗಿತ್ತು. ಅದನ್ನು ಅರಿತವರೇ ಆ ಪಟ್ಟಿಯನ್ನು ಬರೆದಿಟ್ಟರು.

1930ರ ದಶಕದಲ್ಲಿ ಶಾಖೆಯ ಕೊನೆಯ ಸದಸ್ಯರು ತೀರಿಹೋದರು. ಕೋಣೆಗೆ ಬೀಗ ಬಿದ್ದು, ಸುಮಾರು ಅರ್ಧ ಶತಮಾನ ಹಾಗೆಯೇ ಉಳಿಯಿತು. 1949ರಲ್ಲಿ ಇಂಡಿಯಾನಾಪೊಲಿಸಿನಲ್ಲಿ ಇಡಿಯ ಸಂಘದ ಕೊನೆಯ ಮಹಾಸಭೆಯಾಯಿತು. 1956ರಲ್ಲಿ ಕೊನೆಯ ಸದಸ್ಯರಾದ ಆಲ್ಬರ್ಟ್ ವುಲ್ಸನ್ನರು ಕಾಲವಶರಾಗಲು ಸಂಘವೂ ಮುಗಿಯಿತು. ಕಾರ್ನೆಗಿ ಪಟ್ಟಣದ ಕೋಣೆಯಾದರೋ ಜೀರ್ಣೋದ್ಧಾರ ಹೊಂದಿ 2010ರಲ್ಲಿ ಮತ್ತೆ ಜನರಿಗೆ ತೆರೆಯಿತು. ವಸ್ತುಗಳನ್ನು ಕಂಡವರಿಗೆ ಅವು ಯಾರವು, ಎಲ್ಲಿಂದ ಬಂದವು ಎಂದು ಹೇಳಲು ಆ ಹಳೆಯ ಪಟ್ಟಿಯೇ ಸಾಕ್ಷಿಯಾಯಿತು.

ನಮ್ಮ ಊರುಗಳಲ್ಲಿಯೂ ಸೈನ್ಯದಿಂದ ಮರಳಿದ ಹಿರಿಯರುಂಟು. ಅವರ ಪದಕಗಳು ಪೆಟ್ಟಿಗೆಯೊಳಗಿರುವವು; ಅವುಗಳ ಕಥೆಯು ಅವರ ಬಾಯಲ್ಲಿ ಮಾತ್ರ ಇರುವದು. ಅವರು ಇರುವಾಗಲೇ ಕೇಳಿ ಬರೆದಿಡುವದು ಕಿರಿಯರ ಕರ್ತವ್ಯ. ಬೀಗವನ್ನು ಯಾರಾದರೂ ಎಂದಾದರೂ ತೆಗೆದಾರು. ಬರೆದಿಡದ ಮಾತನ್ನು ಆಗ ಹುಡುಕಿ ತರುವದು ಸಾಧ್ಯವಾಗದು.