ಬಿಳಿ ವೈನಿನ ದ್ರಾಕ್ಷಿ ತಳಿಗಳು: ನಂದಿ ಕಣಿವೆಯಿಂದ ಕಂಬಂವರೆಗೆ

ಫೆಬ್ರವರಿ ಕಳೆದು ಮಾರ್ಚ್ ಬಂದಿತೆಂದರೆ ಚೆನ್ನೈನ ಕೋಯಂಬೇಡು ಮಾರುಕಟ್ಟೆಯಿಂದ ಹಿಡಿದು ನಮ್ಮ ಬೀದಿಯ ತಳ್ಳುಗಾಡಿಗಳವರೆಗೆ ಎಲ್ಲೆಲ್ಲೂ ದ್ರಾಕ್ಷಿಯೇ. ಒಂದು ಕಡೆ ಬೀಜವಿಲ್ಲದ ಹಸಿರು ದ್ರಾಕ್ಷಿ, ಮತ್ತೊಂದು ಕಡೆ ಇಲ್ಲಿಯವರು ಪನ್ನೀರ್ ದ್ರಾಕ್ಷಿ ಎಂದು ಕರೆಯುವ ಕಪ್ಪು ಹಣ್ಣು. ಈ ಹಸಿರು ದ್ರಾಕ್ಷಿಯಿಂದಲೇ ಬಿಳಿ ವೈನ್ ತಯಾರಾಗುತ್ತದೆಂದು ಅನೇಕರು ಭಾವಿಸಿದ್ದಾರೆ. ಥಾಂಪ್ಸನ್ ಸೀಡ್‌ಲೆಸ್ ಎಂಬ ಆ ತಳಿಯಿಂದ ಅಗ್ಗದ ವೈನ್ ಮಾಡುವುದುಂಟು. ಆದರೆ ಅದರ ನಿಜವಾದ ನೆಲೆ ಊಟದ ತಟ್ಟೆ ಮತ್ತು ವಿಜಯಪುರದ ಒಣದ್ರಾಕ್ಷಿ ಮನೆಗಳು. ವೈನಿಗೆಂದೇ ಬೆಳೆಯುವ ತಳಿಗಳು ಬೇರೆ. ಅವುಗಳ ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಬೀಜ ಹೆಚ್ಚು. ಕುಡಿಯುವವರಿಗೂ ಕುಡಿಯದವರಿಗೂ ಕೃಷಿಯ ದೃಷ್ಟಿಯಿಂದ ಇದು ತಿಳಿಯತಕ್ಕ ವಿಷಯವೆಂದು ಈ ಪರಿಚಯ.

ದ್ರಾಕ್ಷಿಯ ಬಣ್ಣವಿರುವುದು ಸಿಪ್ಪೆಯಲ್ಲಿ. ತಿರುಳಿನ ರಸಕ್ಕೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಕೆಂಪು ವೈನಿನಲ್ಲಿ ರಸವು ಸಿಪ್ಪೆಯೊಡನೆಯೇ ಹುದುಗುತ್ತದೆ. ಬಿಳಿ ವೈನಿಗಾದರೋ ಹಣ್ಣನ್ನು ಮೊದಲು ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನಷ್ಟೇ ತಂಪಾಗಿ ಹುದುಗಿಸುತ್ತಾರೆ. ಆದ್ದರಿಂದಲೇ ಪೀನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯಿಂದ ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲಿ ಬಿಳಿ ವೈನ್ ತೆಗೆಯುವುದು ಸಾಧ್ಯವಾಗಿದೆ. ಸಿಪ್ಪೆಯ ಒಗರು ಇಲ್ಲವಾದಾಗ ಉಳಿಯುವುದು ಸಿಹಿ, ಹುಳಿ, ಪರಿಮಳ ಮೂರೇ. ಅವುಗಳಲ್ಲಿ ಹುಳಿಯೇ ಬಿಳಿ ವೈನಿನ ಬೆನ್ನೆಲುಬು. ಹುಳಿ ಕಡಿಮೆಯಾದರೆ ವೈನ್ ಸಪ್ಪೆ.

ಬಿಸಿಲ ನಾಡಿಗೆ ಇರುವ ತೊಡಕು ಇದೇ. ಹಣ್ಣು ಮಾಗುವಾಗ ಸೆಕೆ ಹೆಚ್ಚಾದಷ್ಟೂ ಅದರಲ್ಲಿನ ಮ್ಯಾಲಿಕ್ ಆಮ್ಲ ಬೇಗನೆ ಕರಗಿಹೋಗುತ್ತದೆ. ಯೂರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದಕಾರಣ ನಮ್ಮ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ. ಏಪ್ರಿಲ್ ಸುಮಾರಿಗೆ ಕಡ್ಡಿ ಬೆಳೆಸಲು ಒಮ್ಮೆ, ಮಳೆ ಹಿಂದೆಗೆದ ಮೇಲೆ ಅಕ್ಟೋಬರ್ ಸುಮಾರಿಗೆ ಫಲಕ್ಕಾಗಿ ಮತ್ತೊಮ್ಮೆ. ಹೀಗೆ ಮಾಡಿದರೆ ಒಣಹವೆಯ, ರಾತ್ರಿ ತಂಪಿರುವ ತಿಂಗಳುಗಳಲ್ಲಿ ಹಣ್ಣು ಮಾಗುತ್ತದೆ. ನಂದಿ ಬೆಟ್ಟದ ಸುತ್ತಣ ಎತ್ತರದ ನೆಲ ಇದಕ್ಕೆ ಅನುಕೂಲವೆಂದು ಕಂಡು, ಕನ್ವಲ್ ಗ್ರೋವರ್ ಅವರು ಶಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಅವರ ಮಾರ್ಗದರ್ಶನದಲ್ಲಿ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟವನ್ನು ಆರಂಭಿಸಿದರು. ಕರ್ನಾಟಕ ಸರ್ಕಾರದ ವೈನ್ ನೀತಿ ಬಂದುದು 2007ರಲ್ಲಿ, ಅಂದರೆ ತೋಟ ಬಂದು ಸುಮಾರು ಎರಡು ದಶಕಗಳ ನಂತರ!

ನಮ್ಮಲ್ಲಿ ಚೆನ್ನಾಗಿ ನೆಲೆಯೂರಿದ ಬಿಳಿ ತಳಿ ಸೊವಿನ್ಯಾನ್ ಬ್ಲಾಂಕ್. ಇದರ ಪರಿಮಳದಲ್ಲಿ ಹಸಿ ಹುಲ್ಲು, ದೊಣ್ಣೆಮೆಣಸಿನಕಾಯಿ, ಸೀಬೆಹಣ್ಣು ಮೂರೂ ಸುಳಿಯುತ್ತವೆ. ದೊಣ್ಣೆಮೆಣಸಿನಕಾಯಿಯ ವಾಸನೆಗೆ ಕಾರಣವಾದ ಪೈರಜಿನ್ ಎಂಬ ವಸ್ತುವೇ ಇದರಲ್ಲೂ ಇದೆ. ಬಿಸಿಲು ಹೆಚ್ಚಿದಂತೆ ಆ ಹಸಿವಾಸನೆ ಕುಂದಿ ಹಣ್ಣಿನ ವಾಸನೆ ಮೇಲಾಗುತ್ತದೆ. ಕೆಂಪು ವೈನಿನ ಹೆಸರಾಂತ ತಳಿಯಾದ ಕ್ಯಾಬರ್ನೆ ಸೊವಿನ್ಯಾನ್ ಈ ಬಿಳಿ ದ್ರಾಕ್ಷಿಯ ಮಗುವೆಂಬುದು 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ದೃಢಪಟ್ಟಿತು.

ಶೆನಿನ್ ಬ್ಲಾಂಕ್ ಮೂಲತಃ ಫ್ರಾನ್ಸಿನ ಲುವಾರ್ ಕಣಿವೆಯದು. ಇಂದು ಅತಿ ಹೆಚ್ಚು ಬೆಳೆಯುವುದು ದಕ್ಷಿಣ ಆಫ್ರಿಕದಲ್ಲಿ. ಸೆಕೆಯಲ್ಲೂ ಹುಳಿಯನ್ನು ಬಿಟ್ಟುಕೊಡದಿರುವುದೇ ಇದರ ದೊಡ್ಡ ಗುಣ. ಸಿಹಿಯಿಲ್ಲದ ವೈನ್, ಸಿಹಿ ವೈನ್, ನೊರೆಯ ವೈನ್ ಎಲ್ಲಕ್ಕೂ ಒದಗುತ್ತದೆ. ನನ್ನ ಅಭಿಪ್ರಾಯದಲ್ಲಿ ದಖ್ಖನಿಗೆ ಇದಕ್ಕಿಂತ ಹೊಂದುವ ಬಿಳಿ ತಳಿ ಇಲ್ಲ. ಗೊಂಚಲು ಒತ್ತಾಗಿರುವುದರಿಂದ ಅಕಾಲ ಮಳೆ ಬಂದರೆ ಕೊಳೆಯುವುದೊಂದೇ ಕೊರತೆ.

ಇದಕ್ಕೆ ತದ್ವಿರುದ್ಧವಾದುದು ವಿಯೋನ್ಯೇ. ಏಪ್ರಿಕಾಟ್ ಮತ್ತು ಹೂವಿನ ಗಾಢ ಪರಿಮಳವುಳ್ಳದ್ದು, ಆದರೆ ಹುಳಿ ಕಡಿಮೆ. ಕೊಯ್ಲು ಕೆಲವು ದಿನ ತಡವಾದರೂ ರಸ ಮಂದವಾಗುತ್ತದೆ. 1960ರ ದಶಕದಲ್ಲಿ ಫ್ರಾನ್ಸಿನ ಕೋಂದ್ರಿಯೂ ಸುತ್ತ ಕೆಲವೇ ಹೆಕ್ಟೇರುಗಳಿಗೆ ಇಳಿದಿದ್ದ ಈ ತಳಿ ಇಂದು ನಂದಿ ಕಣಿವೆಯಲ್ಲೂ ಇದೆ. ಶಾರ್ಡನೇ ಜಗತ್ಪ್ರಸಿದ್ಧವಾದರೂ ಅದಕ್ಕೆ ಸ್ವಂತ ಪರಿಮಳ ಸ್ವಲ್ಪ. ಓಕ್ ಮರದ ಪೀಪಾಯಿಯ ಗುಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಜರ್ಮನಿಯ ರೀಸ್ಲಿಂಗ್ ಚಳಿನಾಡಿನ ಕೂಸು, ನಾಸಿಕದಲ್ಲಿ ಪ್ರಯೋಗವಾಗಿದೆ.

ಇನ್ನು ಮಸ್ಕಟ್. ವೈನ್ ಆದ ಮೇಲೂ ದ್ರಾಕ್ಷಿಯದೇ ವಾಸನೆಯನ್ನು ಉಳಿಸಿಕೊಳ್ಳುವ ಅಪರೂಪದ ಕುಲ ಇದು. ಅಲೆಕ್ಸಾಂಡ್ರಿಯದ ಮಸ್ಕಟ್ ಎಂಬ ಬಿಳಿ ತಳಿಯ ಮಗಳೇ ಹ್ಯಾಂಬರ್ಗ್ ಮಸ್ಕಟ್. ಅದೇ ನಮ್ಮ ತಳ್ಳುಗಾಡಿಯ ಪನ್ನೀರ್ ದ್ರಾಕ್ಷಿ! ಗುಲಾಬಿಯಲ್ಲಿರುವ ಜೆರಾನಿಯಾಲ್ ಮಸ್ಕಟ್ ಹಣ್ಣುಗಳಲ್ಲೂ ಇರುವುದರಿಂದ ಪನ್ನೀರ್, ಗುಲಾಬಿ ಎಂಬ ಹೆಸರುಗಳು ಅನ್ವರ್ಥವಾಗಿವೆ. ಇದನ್ನು ಹೆಚ್ಚಾಗಿ ಬೆಳೆಯುವ ತೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡ ಮನೆಮಾತಿನ ಒಕ್ಕಲಿಗ ಕುಟುಂಬಗಳಿವೆ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬಿಳಿ ಸಿಹಿ ವೈನಿಗೆ ಒದಗುವ ಅರ್ಕಾ ಸೋಮ ಎಂಬ ತಳಿಯನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೈದರಾಬಾದಿನ ಅನಾಬ್-ಎ-ಶಾಹಿಯಿಂದ ಪಡೆದಿದೆ. ಇದಕ್ಕೆ ಇನ್ನಷ್ಟು ಪ್ರಚಾರ ಸಲ್ಲಬೇಕಿತ್ತು.

ತಳಿಯ ಆಯ್ಕೆ ಕೇವಲ ರುಚಿಯ ಪ್ರಶ್ನೆಯಲ್ಲ, ರೈತನ ಬದುಕಿನ ಪ್ರಶ್ನೆಯೂ ಹೌದು. ತಿನ್ನುವ ದ್ರಾಕ್ಷಿಯನ್ನು ಒಬ್ಬ ವ್ಯಾಪಾರಿ ಕೊಳ್ಳದಿದ್ದರೆ ಇನ್ನೊಬ್ಬ ಕೊಂಡಾನು, ಕೊನೆಗೆ ಒಣಗಿಸಲೂಬಹುದು. ಸೊವಿನ್ಯಾನ್ ಹಣ್ಣಿಗೆ ವೈನರಿಯೊಂದೇ ಗಿರಾಕಿ. 2008ರ ಕೊನೆಯ ಆರ್ಥಿಕ ಕುಸಿತ ಮತ್ತು ಮುಂಬಯಿ ದಾಳಿಯ ಬಳಿಕ ವೈನ್ ಮಾರಾಟ ಬಿದ್ದಾಗ ಮಹಾರಾಷ್ಟ್ರದ ಹಲವು ವೈನರಿಗಳು ಖರೀದಿಯನ್ನು ತಗ್ಗಿಸಿದವು. ನಾಸಿಕದ ಎಷ್ಟೋ ರೈತರು ವೈನ್ ಬಳ್ಳಿಗಳನ್ನು ಕಿತ್ತು ಮತ್ತೆ ತಿನ್ನುವ ದ್ರಾಕ್ಷಿ ನೆಟ್ಟರು. ನಂದಿಯ ಸುತ್ತಣ ರೈತರು ತಿನ್ನಲು, ರಸಕ್ಕೆ, ವೈನಿಗೆ ಮೂರಕ್ಕೂ ಸಲ್ಲುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಇಂದಿಗೂ ಬಿಡದಿರುವುದಕ್ಕೆ ಇದೇ ಕಾರಣ.